ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದ್ರೆ ಬಡ್ಡಿ ಕಮ್ಮಿ ಆಗುತ್ತಾ?

ನಿನ್ನೆ ನಾಲ್ಕನೇ ಸಲ ಟೊಮೆಟೊ ಬಿಡಿಸಿದ್ವಿ. 38 ಬಾಕ್ಸ್ ಆಯ್ತು. ಮಂಡಿಯಲ್ಲಿ ಬಾಕ್ಸಿಗೆ 90 ರೂಪಾಯಿ ಕೂಗಿದ್ರು. ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದು ಮನೆಗೆ ಎಷ್ಟು ಬಂತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇವತ್ತು ಬರೀತಿರೋದು ಬೇರೆ ವಿಷಯ, ಆದ್ರೆ ಇದಕ್ಕೇ ಸೇರಿದ್ದು.

ಮೂರು ವರ್ಷದ ಹಿಂದೆ ಒಂದೇ ಬೇಸಿಗೆಯಲ್ಲಿ ನನ್ನ ಎರಡು ಬೋರ್‌ವೆಲ್ ಫೇಲ್ ಆದವು. ಎರಡನೇದು 1,300 ಅಡಿ, ಬಂದಿದ್ದು ಬರೀ ಧೂಳು. ಕೈಸಾಲ 2 ಲಕ್ಷ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಅಂದ್ರೆ ತಿಂಗಳಿಗೆ 6,000, ವರ್ಷಕ್ಕೆ 72,000. ಅಸಲು ಹಂಗೇ ಇರುತ್ತೆ. ನಿದ್ದೆ ಹೋಯ್ತು, ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ, ಯಾರ ಜೊತೆಗೂ ಮಾತು ಬೇಡ ಅನ್ನಿಸ್ತಿತ್ತು. ಆಗ ನಮ್ಮ ಕಡೆ ರೈತರಿಗೆ ಅಂತ ಒಂದು ಮನೋಸ್ಥೈರ್ಯ ಶಿಬಿರ ಮಾಡಿದ್ರು. ಹೆಂಡತಿ ಬಲವಂತ ಮಾಡಿ ಕಳಿಸಿದಳು.

ಅಲ್ಲಿ ಒಂದು ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ. ಎರಡು ವಾರದಿಂದ ನಿದ್ದೆ ಸರಿ ಇಲ್ವಾ, ಸುಸ್ತಾ, ಊಟ ಸೇರ್ತಿಲ್ವಾ, ನಾನು ಸೋತೆ ಅನ್ನಿಸುತ್ತಾ, ಈ ಥರ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ನನಗೆ 16 ಬಂತು. ಮೇಡಂ ಒಳ್ಳೆಯವರೇ. ಉಸಿರಾಟದ ಅಭ್ಯಾಸ ಹೇಳಿಕೊಟ್ಟರು, ಒಳ್ಳೇದನ್ನೇ ಯೋಚನೆ ಮಾಡಿ ಅಂದ್ರು, ಕುಡೀಬೇಡಿ ಅಂದ್ರು. ನಾನು ಕುಡಿಯೋನೇ ಅಲ್ಲ. ಒಂಬತ್ತು ಪ್ರಶ್ನೆಯಲ್ಲಿ ಸಾಲ ಎಷ್ಟಿದೆ, ನೀರು ಇದೆಯಾ, ಬೆಲೆ ಸಿಕ್ತಾ ಅಂತ ಒಂದೂ ಇರಲಿಲ್ಲ.

ಇದನ್ನ ನನ್ನ ತಂಗಿ ಮಗಳಿಗೆ ಹೇಳಿದೆ. ಅವಳು ಸೈಕಾಲಜಿ ಎಂ.ಎ. ಓದ್ತಾಳೆ. "ಮಾವ, ನೀನು ಕೇಳ್ತಿರೋದನ್ನೇ ಕೇಳೋ ಒಂದು ಪಂಥ ನಮ್ಮ ಓದಿನಲ್ಲೇ ಇದೆ, ಕ್ರಿಟಿಕಲ್ ಸೈಕಾಲಜಿ ಅಂತಾರೆ" ಅಂದಳು. ಅವಳ ಹತ್ರ ಕೇಳಿ ತಿಳ್ಕೊಂಡಿದ್ದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ.

ಎಲ್ಲ ಕಡೆ ನಡೆಯೋ ಸೈಕಾಲಜಿ ಹೆಚ್ಚಾಗಿ ಒಬ್ಬ ಮನುಷ್ಯನನ್ನ ಬಿಡಿಯಾಗಿ ತಗೊಂಡು, ಅವನ ತಲೆಯೊಳಗೆ ಏನು ಕೆಟ್ಟಿದೆ ಅಂತ ಅಳತೆ ಮಾಡಿ, ಅವನನ್ನ ಪರಿಸ್ಥಿತಿಗೆ ಹೊಂದಿಸೋಕೆ ನೋಡುತ್ತೆ. ಇನ್ನೊಂದು ಪಂಥ ಆ ಪರಿಸ್ಥಿತಿಯನ್ನೇ ಪ್ರಶ್ನೆ ಮಾಡುತ್ತೆ. ಅದನ್ನ ಯಾರು ಮಾಡಿದ್ರು, ಯಾರಿಗೆ ಲಾಭ, ಅದಕ್ಕೆ ಯಾಕೆ ಹೊಂದಿಕೊಳ್ಳಬೇಕು ಅಂತ. ಜೊತೆಗೆ ಅಳತೆಗೋಲು ಹಿಡಿದವರು ಯಾರ ಪರ ಅಂತಾನೂ ಕೇಳುತ್ತೆ. ಜರ್ಮನಿಯ ಬರ್ಲಿನ್‌ನಲ್ಲಿ ಕ್ಲೌಸ್ ಹೋಲ್ಜ್‌ಕಾಂಪ್ ಅನ್ನೋ ಪ್ರಾಧ್ಯಾಪಕರು ಈ ಹೆಸರಲ್ಲೇ ಕೆಲಸ ಮಾಡಿದ್ರು.

ನಮಗೆ ಇದು ಹೊಸದೇನಲ್ಲ. ತೋಟದಲ್ಲಿ ಒಂದು ಗಿಡ ಬಾಡಿದ್ರೆ ಕಿತ್ತು ಬೇರು ನೋಡ್ತೀವಿ. ಸಾಲಿಗೆ ಸಾಲೇ ಬಾಡಿದ್ರೆ ಡ್ರಿಪ್ ಪೈಪ್ ನೋಡ್ತೀವಿ. ಊರಿಗೆ ಊರೇ ನಿದ್ದೆ ಕಳ್ಕೊಂಡಿದ್ರೆ ಒಬ್ಬೊಬ್ಬನ ತಲೆ ತೂಗ್ತಾ ಕೂರೋದು ಯಾವ ನ್ಯಾಯ?

1851ರಲ್ಲಿ ಅಮೆರಿಕದಲ್ಲಿ ಕಾರ್ಟ್‌ರೈಟ್ ಅನ್ನೋ ಡಾಕ್ಟರು, ಗುಲಾಮರು ತಪ್ಪಿಸಿಕೊಂಡು ಓಡಿಹೋಗೋದು ಒಂದು ಮಾನಸಿಕ ಕಾಯಿಲೆ ಅಂತ ಬರೆದ. ಡ್ರಾಪೆಟೋಮೇನಿಯಾ ಅಂತ ಹೆಸರೂ ಇಟ್ಟ. ಚಾಟಿ ಏಟನ್ನೂ ಅದಕ್ಕೆ ಮದ್ದು ಅಂದ. ಓಡಿದವನಿಗೆ ಕಾಯಿಲೆಯಂತೆ, ಕಟ್ಟಿ ಹಾಕಿದವನಿಗೆ ಏನೂ ಇಲ್ಲವಂತೆ!

ನಮ್ಮ ರಾಜ್ಯದ ಕಥೆಯನ್ನೂ ನೋಡಿ. ರೈತರ ಆತ್ಮಹತ್ಯೆ ಬಗ್ಗೆ ಸರ್ಕಾರ ನೇಮಿಸಿದ ವೀರೇಶ್ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಕುಡಿತ, ಮನೆಜಗಳ ಅಂತ ಹೊಣೆಯನ್ನ ರೈತನ ಮೇಲೇ ಹೊರಿಸಿದ್ದಾರೆ ಅಂತ ರೈತ ಸಂಘಟನೆಗಳು ಸಿಟ್ಟಾದವು. ಮನೆಯಲ್ಲಿ ಜಗಳ ಇರುತ್ತೆ ಕಣ್ರಪ್ಪ, ಇಲ್ಲ ಅನ್ನಲ್ಲ. ಆ ಜಗಳ ಯಾಕೆ ಶುರುವಾಯ್ತು ಅಂತ ಕೇಳಬೇಕಲ್ವಾ?

ನನಗೆ ತುಂಬಾ ನಾಟಿದ್ದು ಎಲ್ ಸಾಲ್ವಡಾರ್ ದೇಶದ ಇಗ್ನಾಸಿಯೊ ಮಾರ್ಟಿನ್-ಬಾರೊ ಅವರ ಮಾತು. ಪಾದ್ರಿ, ಮನಃಶಾಸ್ತ್ರದ ಮೇಷ್ಟ್ರು. ಅಲ್ಲಿನ ಬಡ ರೈತರು ಎಲ್ಲಾ ಹಣೆಬರಹ ಅಂತ ಕೂರ್ತಾರೆ, ಅದು ಅವರ ಸ್ವಭಾವ ಅಂತ ಓದಿದವರು ಹೇಳ್ತಿದ್ರು. ಇವರು ಅಂದಿದ್ದು, ಅದು ಸ್ವಭಾವ ಅಲ್ಲ, ಎಷ್ಟು ದುಡಿದ್ರೂ ಏನೂ ಬದಲಾಗಲ್ಲ ಅನ್ನೋ ಅನುಭವ ಕಲಿಸಿದ ಪಾಠ; ಜನ ಒಟ್ಟಾಗಿ ಕೆಲಸ ಮಾಡಿದಾಗ ಅದು ಹೋಗುತ್ತೆ ಅಂತ. 1989ರ ನವೆಂಬರ್ 16ರಂದು ಸೈನಿಕರು ಅವರನ್ನ ಕೊಂದರು.

ಹಾಗಂತ ಡಾಕ್ಟರ್ ಬೇಡ, ಮಾತ್ರೆ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಸಾಲ ಇರಲಿಲ್ಲ, ಆದ್ರೂ ಖಿನ್ನತೆ ಬಂತು. ಮಾತ್ರೆಯಿಂದ ವಾಸಿಯಾಯ್ತು. ಬದುಕು ಬೇಡ ಅನ್ನಿಸಿದ್ರೆ ಒಬ್ಬರೇ ಇರಬೇಡಿ. ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿಮಾನಸ್, ದುಡ್ಡು ಕೊಡೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಪೈಪ್ ರಿಪೇರಿ ಆಗೋವರೆಗೂ ಗಿಡ ಉಳಿಸ್ಕೊಬೇಕಲ್ವಾ, ಬಿಂದಿಗೆಯಲ್ಲಾದರೂ ನೀರು ಹಾಕಲೇಬೇಕು. ನನ್ನ ಜಗಳ ಇರೋದು ಬಿಂದಿಗೆ ನೀರು ಹಾಕಿ ಪೈಪ್ ಸರಿ ಇದೆ ಅನ್ನೋರ ಜೊತೆ.

ನಾನು ಸರಿ ಹೋಗಿದ್ದು ಹೇಗೆ ಅಂದ್ರೆ, ಭಾವಮೈದ ಒಂದು ಸಂಜೆ ಬಂದು ನನ್ನ ಸಾಲವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿದ. ಸೊಸೈಟಿಯಲ್ಲಿ ಸಾಲ ಎತ್ತಿ ಕೈಸಾಲ ತೀರಿಸಿದ್ವಿ. ಆ ವಾರ ನಿದ್ದೆ ಬಂತು. ಆ ಒಂಬತ್ತು ಪ್ರಶ್ನೆ ಈಗ ಕೊಟ್ಟರೆ 16 ಬರಲ್ಲ.

ಅದಕ್ಕೇ ನಾನು ಕೇಳೋದು ಎರಡೇ. ಮುಂದಿನ ಸಲ ಶಿಬಿರ ಮಾಡಿದ್ರೆ ಕೌನ್ಸೆಲಿಂಗ್ ಮೇಡಂ ಪಕ್ಕದಲ್ಲಿ ಬ್ಯಾಂಕಿನೋರು, ಸೊಸೈಟಿಯೋರು, ಎ.ಪಿ.ಎಂ.ಸಿ.ಯೋರು ಕೂರಲಿ, ಹತ್ತನೇ ಪ್ರಶ್ನೆ ನಾವು ಕೇಳ್ತೀವಿ. ಎರಡನೇದು ನಮ್ಮ ಕೈಯಲ್ಲೇ ಇದೆ. ಭಾನುವಾರ ಸಂಜೆ ಅರಳಿಕಟ್ಟೆ ಹತ್ರ ಬನ್ನಿ, ಬಡ್ಡಿ ಲೆಕ್ಕ ತನ್ನಿ. ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಟ್ಕೋಬೇಡಿ. ಮೊದಲು ನನ್ನ ಲೆಕ್ಕಾನೇ ಓದ್ತೀನಿ.