ಲೋಕಲ್ ರೈಲಿನ ಲೆಕ್ಕ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಮುಂಬಯಿಯ ಹೆಸರು ಕೇಳದೆ ಬೆಳೆದ ಮಕ್ಕಳು ಕಡಿಮೆ. ಅಜ್ಜನ ಕಾಲದವರು ಅಲ್ಲಿ ಹೋಟೆಲುಗಳಲ್ಲಿ, ಬಂದರಿನಲ್ಲಿ ದುಡಿದರು. ಇಂದು ಮಗನೋ ಅಳಿಯನೋ ಅಲ್ಲಿನ ಅಂಗಡಿ, ಕಚೇರಿಗಳಲ್ಲಿದ್ದಾರೆ. ಮದುವೆಯಾಗಿ ಕುರ್ಲಾಕ್ಕೋ ಮುಂಬ್ರಾಕ್ಕೋ ಹೋದ ನಮ್ಮ ಹೆಣ್ಣುಮಕ್ಕಳಲ್ಲಿ ಶಿಕ್ಷಕಿಯರಾಗಿ, ದಾದಿಯರಾಗಿ ಕೆಲಸಕ್ಕೆ ಹೋಗುವವರೂ ಇದ್ದಾರೆ. ಅವರೆಲ್ಲರ ದಿನದ ಒಂದು ದೊಡ್ಡ ಪಾಲು ಕಳೆಯುವುದು ಲೋಕಲ್ ರೈಲಿನಲ್ಲಿ.

ಹಾಗೆ ದಿನಾಲೂ ಪ್ರಯಾಣಿಸುವವರ ಒಂದು ದೂರನ್ನು ನಾವು ಆಗಾಗ ಕೇಳುತ್ತೇವೆ. "ಇಷ್ಟು ದೊಡ್ಡ ರೈಲು, ವಿದ್ಯುತ್ತಿನಿಂದ ಓಡುತ್ತದೆ, ಆದರೂ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋಗಲು ಒಂದು ಗಂಟೆ! ಇನ್ನೂ ಸ್ವಲ್ಪ ಜೋರಾಗಿ ಓಡಿಸಿದರೆ ಇವರ ಗಂಟೇನು ಹೋಗುತ್ತದೆ?" ಮೇಲ್ನೋಟಕ್ಕೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದರ ಉತ್ತರ ಗೊತ್ತಿಲ್ಲದಿರುವುದರಿಂದ ನಮ್ಮವರು ಅನಗತ್ಯ ಅವಸರಪಡುತ್ತಾರೆ, ಕೆಲವೊಮ್ಮೆ ಜೀವವನ್ನೇ ಪಣಕ್ಕಿಡುತ್ತಾರೆ. ಆದ್ದರಿಂದ ಈ ತಿಂಗಳು ಲೋಕಲ್ ರೈಲಿನ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಐದನೆಯ, ಆರನೆಯ ತರಗತಿಯ ಗಣಿತ ಬಲ್ಲ ಯಾವ ತಾಯಿಯೂ ಇದನ್ನು ಮಾಡಬಲ್ಲಳು.

ಪುಸ್ತಕದ ರೈಲು, ಹಳಿಯ ಮೇಲಿನ ರೈಲು

ಮಕ್ಕಳ ಗಣಿತ ಪುಸ್ತಕದಲ್ಲಿ ರೈಲಿನ ಲೆಕ್ಕ ಇದ್ದೇ ಇರುತ್ತದೆ. ರೈಲಿನ ವೇಗ ಗಂಟೆಗೆ 80 ಕಿ.ಮೀ., ದೂರ 34 ಕಿ.ಮೀ., ಹಾಗಾದರೆ ತಗಲುವ ಸಮಯ ಎಷ್ಟು? ಮಗು ಭಾಗಿಸಿ ಸುಮಾರು 25 ನಿಮಿಷ ಎಂದು ಬರೆಯುತ್ತದೆ, ಟೀಚರ್ ಸರಿ ಗುರುತು ಹಾಕುತ್ತಾರೆ.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ 'ವಿ.ಟಿ.' ಆಗಿಯೇ ಉಳಿದಿರುವ ನಿಲ್ದಾಣದಿಂದ ಥಾಣೆಗೆ ಇರುವ ದೂರ ಸರಿಸುಮಾರು 34 ಕಿ.ಮೀ. ಆದರೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್ ಈ ದೂರಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಪುಸ್ತಕದ ರೈಲು ಹೊರಟ ಕ್ಷಣದಿಂದಲೇ 80ರ ವೇಗದಲ್ಲಿ ಓಡುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ನಿಜವಾದ ರೈಲಿಗೆ ಆ ಭಾಗ್ಯವಿಲ್ಲ.

ಈ ದಾರಿಯ ನಿಲ್ದಾಣಗಳನ್ನು ಎಣಿಸಿ ನೋಡಿ: ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಬೈಕುಲ್ಲಾ, ಚಿಂಚ್‌ಪೋಕ್ಳಿ, ಕರಿ ರೋಡ್, ಪರೇಲ್, ದಾದರ್, ಮಾಟುಂಗಾ, ಸಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್‌ಕೋಪರ್, ವಿಕ್ರೋಲಿ, ಕಾಂಜೂರ್‌ಮಾರ್ಗ್, ಭಾಂಡುಪ್, ನಾಹೂರ್, ಮುಲುಂಡ್. ನಡುವೆ ಒಟ್ಟು 17 ನಿಲ್ದಾಣ, ಅಂದರೆ 18 ತುಂಡು ದಾರಿ. ಒಂದು ತುಂಡಿಗೆ ಸರಾಸರಿ 1.9 ಕಿ.ಮೀ. ಹಳೆಯ ಪೇಟೆಯ ಒಳಗೆ ಇದು ಇನ್ನೂ ಕಡಿಮೆ. ಅಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಒಂದು ಕಿಲೋಮೀಟರಿನ ಆಸುಪಾಸು. ಊರು ದಾಟಿ ಕಸಾರಾದ ಕಡೆಗೆ ಹೋದರೆ ಮಾತ್ರ ಎರಡು ನಿಲ್ದಾಣಗಳ ನಡುವಿನ ದೂರ ಬಹಳ ಹೆಚ್ಚಾಗುತ್ತದೆ.

ಈಗ ಒಂದು ತುಂಡನ್ನು ತೆಗೆದುಕೊಳ್ಳೋಣ. ರೈಲಿನ ವೇಗ ಸೆಕೆಂಡಿಗೆ 1.8 ಕಿ.ಮೀ.ನಂತೆ ಏರುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದನೆಯ ಸೆಕೆಂಡಿಗೆ 1.8, ಎರಡನೆಯದಕ್ಕೆ 3.6, ಹೀಗೆ. 80ಕ್ಕೆ ಮುಟ್ಟಲು 44 ಸೆಕೆಂಡ್ ಬೇಕು, ಅಷ್ಟರಲ್ಲಿ ರೈಲು ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಾಕಿದಾಗ ಸೆಕೆಂಡಿಗೆ 2.5ರಂತೆ ವೇಗ ಇಳಿಯುತ್ತದೆ ಎನ್ನೋಣ. ನಿಲ್ಲಲು 32 ಸೆಕೆಂಡ್, ಸುಮಾರು 350 ಮೀಟರ್ ಬೇಕು. ಉಳಿದ ಒಂದು ಕಿಲೋಮೀಟರ್ ಮಾತ್ರ ಅದು ಪೂರ್ಣ ವೇಗದಲ್ಲಿ ಓಡುತ್ತದೆ, ಅದಕ್ಕೆ 47 ಸೆಕೆಂಡ್. ಎಲ್ಲ ಸೇರಿ ಎರಡು ನಿಮಿಷ ಚಿಲ್ಲರೆ. ಅಂತಹ 18 ತುಂಡುಗಳಿಗೆ 37 ನಿಮಿಷ. ಒಂದೊಂದು ನಿಲ್ದಾಣದಲ್ಲಿ 25 ಸೆಕೆಂಡ್ ನಿಂತರೂ ಮತ್ತೆ ಏಳು ನಿಮಿಷ. ಅಲ್ಲಿಗೆ 44 ನಿಮಿಷವಾಯಿತು. ತಿರುವುಗಳಲ್ಲಿ ನಿಧಾನ, ಸಿಗ್ನಲ್‌ಗೆ ಕಾಯುವುದು, ಜನಜಂಗುಳಿಯಿಂದ ಹತ್ತಿ ಇಳಿಯಲು ಆಗುವ ತಡ, ಇವೆಲ್ಲ ಸೇರಿದರೆ ಗಂಟೆ ಹತ್ತಿರವಾಗುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಭಾರತದ ಮೊದಲ ಪ್ರಯಾಣಿಕ ರೈಲು ಓಡಿದ್ದು ಇದೇ ದಾರಿಯಲ್ಲಿ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಥಾಣೆಗೆ. ಸುಮಾರು 400 ಅತಿಥಿಗಳಿದ್ದ 14 ಬೋಗಿಗಳನ್ನು ಎಳೆದದ್ದು ಮೂರು ಉಗಿ ಇಂಜಿನ್‌ಗಳು. ಅವಕ್ಕೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಹೆಸರುಗಳು. ಆ ರೈಲು ತೆಗೆದುಕೊಂಡ ಸಮಯವೂ ಒಂದು ಗಂಟೆಯ ಆಸುಪಾಸು! ಹಾಗಾದರೆ ನೂರೆಪ್ಪತ್ತು ವರ್ಷಗಳಲ್ಲಿ ನಾವು ಏನೂ ಮುಂದುವರಿಯಲಿಲ್ಲವೇ? ಹಾಗಲ್ಲ. ಅಂದು ದಾರಿಯಲ್ಲಿ ಇಷ್ಟೊಂದು ನಿಲ್ದಾಣಗಳೇ ಇರಲಿಲ್ಲ. ಇಂದಿನ ರೈಲು ವೇಗದಲ್ಲಿ ಗಳಿಸಿದ್ದನ್ನು ಜನರ ಮನೆಬಾಗಿಲಿನ ಹತ್ತಿರ ನಿಲ್ಲುವುದಕ್ಕೆ ಖರ್ಚು ಮಾಡುತ್ತಿದೆ.

ವೇಗ ಹೆಚ್ಚಿಸಿದರೆ ಏನು ಉಳಿಯುತ್ತದೆ?

ಈಗಿನ ಲೋಕಲ್ ರೈಲುಗಳನ್ನು ಗಂಟೆಗೆ 100ರಿಂದ 110 ಕಿ.ಮೀ. ಓಡಬಲ್ಲಂತೆ ತಯಾರಿಸಲಾಗಿದೆ. ಹಾಗಿದ್ದರೆ ಅದೇ ತುಂಡಿನಲ್ಲಿ 80ರ ಬದಲು 100ರ ವೇಗದಲ್ಲಿ ಓಡಿಸೋಣ. 100 ಮುಟ್ಟಲು 56 ಸೆಕೆಂಡ್, ನಿಲ್ಲಲು 40 ಸೆಕೆಂಡ್. ಇವೆರಡಕ್ಕೇ 1,300 ಮೀಟರ್ ದಾರಿ ಮುಗಿದು ಹೋಗುತ್ತದೆ. ಪೂರ್ಣ ವೇಗದಲ್ಲಿ ಓಡಲು ಉಳಿಯುವುದು 600 ಮೀಟರ್‌ಗೂ ಕಡಿಮೆ. ಒಟ್ಟು ಸಮಯ ಕೂಡಿಸಿದರೆ ಉಳಿತಾಯ ಕೇವಲ ಏಳು ಸೆಕೆಂಡ್! 18 ತುಂಡುಗಳಿಗೂ ಸೇರಿಸಿದರೆ ಎರಡು ನಿಮಿಷ ಚಿಲ್ಲರೆ. ಒಂದು ಲೋಟ ಚಹಾ ಕುದಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಿಲ್ದಾಣಗಳು ಒಂದೇ ಕಿಲೋಮೀಟರ್ ದೂರದಲ್ಲಿರುವ ಕಡೆ ರೈಲು 100ಕ್ಕೆ ಮುಟ್ಟುವುದೇ ಇಲ್ಲ. ಅದಕ್ಕೆ ಮೊದಲೇ ಮೋಟರ್‌ಮ್ಯಾನ್ ಬ್ರೇಕ್ ಹಾಕಬೇಕಾಗುತ್ತದೆ.

ಇನ್ನು ಒಂದು ನಿಲ್ದಾಣವನ್ನು ಬಿಟ್ಟು ಹೋದರೆ? ನಿಲ್ಲುವ 25 ಸೆಕೆಂಡ್, ಜೊತೆಗೆ ವೇಗ ಇಳಿಸಿ ಏರಿಸುವುದರಲ್ಲಿ ಪೋಲಾಗುವ ಸುಮಾರು 38 ಸೆಕೆಂಡ್, ಹೀಗೆ ಒಂದು ನಿಲ್ದಾಣಕ್ಕೆ ಒಂದು ನಿಮಿಷ ಉಳಿಯುತ್ತದೆ. ಫಾಸ್ಟ್ ಲೋಕಲ್‌ನ ಗುಟ್ಟು ಇದೇ. ಅದು ಹೆಚ್ಚು ಜೋರಾಗಿ ಓಡುವುದಕ್ಕಿಂತಲೂ, ಕಡಿಮೆ ಕಡೆ ನಿಲ್ಲುವುದರಿಂದ ಬೇಗ ಮುಟ್ಟುತ್ತದೆ. ಹನ್ನೆರಡು ನಿಲ್ದಾಣ ಬಿಟ್ಟರೆ ಹನ್ನೆರಡು ನಿಮಿಷಕ್ಕೆ ಮೋಸವಿಲ್ಲ. ಆದರೆ ಹಾಗೆ ಬಿಟ್ಟ ನಿಲ್ದಾಣದಲ್ಲಿ ಇಳಿಯಬೇಕಾದ ಅಜ್ಜಿಗೆ, ಕೈಗೂಸಿನ ತಾಯಿಗೆ ಆ ಫಾಸ್ಟ್ ರೈಲಿನಿಂದ ಏನೂ ಪ್ರಯೋಜನವಿಲ್ಲ. ಅದಕ್ಕಾಗಿ ಎರಡು ಬಗೆಯ ರೈಲುಗಳೂ ಬೇಕು, ಎರಡಕ್ಕೂ ಬೇರೆ ಬೇರೆ ಹಳಿಗಳೂ ಬೇಕು.

ನಮ್ಮ ಬೆಂಗಳೂರಿನಲ್ಲೂ ಉಪನಗರ ರೈಲಿನ ಕಾಮಗಾರಿ ನಡೆಯುತ್ತಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯಲ್ಲಿ ನಾಲ್ಕು ಮಾರ್ಗಗಳು, ಒಟ್ಟು ಸುಮಾರು 148 ಕಿ.ಮೀ. ನಮ್ಮ ಬಡಾವಣೆಗೂ ಒಂದು ನಿಲ್ದಾಣ ಬೇಕು ಎಂದು ಎಲ್ಲರೂ ಕೇಳುವುದು ಸಹಜ. ಆದರೆ ಹೊಸದಾಗಿ ಸೇರುವ ಪ್ರತಿ ನಿಲ್ದಾಣಕ್ಕೆ ಉಳಿದ ಪ್ರಯಾಣಿಕರೆಲ್ಲ ಒಂದೊಂದು ನಿಮಿಷ ಕೊಡಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಮಿತಿ ಹಾಕುವುದು ಯಾಕೆ?

ಹಳಿಯ ಬದಿಯಲ್ಲಿ ಅಂಕಿ ಬರೆದ ಹಳದಿ ಫಲಕಗಳನ್ನು ನೀವು ನೋಡಿರಬಹುದು. ಇಲ್ಲಿಂದ ಮುಂದೆ ಇಷ್ಟೇ ವೇಗ ಎಂದು ಅವು ಮೋಟರ್‌ಮ್ಯಾನ್‌ಗೆ ಹೇಳುತ್ತವೆ. ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಕೂಡುಗಳಲ್ಲಿ ಈ ಮಿತಿ ಬರೀ 15 ಅಥವಾ 30 ಕಿ.ಮೀ. ಇರುವುದುಂಟು. ದೊಡ್ಡ ನಿಲ್ದಾಣ ಹತ್ತಿರವಾದಂತೆ ರೈಲು ತೆವಳುವುದು ಇದರಿಂದಲೇ.

ತಿರುವಿನಲ್ಲಿ ಕಾರಣ ಬೇರೆ. ಬಸ್ಸು ಘಾಟಿಯಲ್ಲಿ ತಿರುಗುವಾಗ ನಾವು ಹೊರಬದಿಗೆ ವಾಲುತ್ತೇವಲ್ಲವೇ? ರೈಲಿಗೂ ಹಾಗೆಯೇ. ಅದನ್ನು ತಡೆಯಲು ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಸ್ವಲ್ಪ ಎತ್ತರಿಸಿರುತ್ತಾರೆ. ಆದರೂ ಒಂದು ಮಿತಿಯಿದೆ. ವೇಗ 80ರಿಂದ 100ಕ್ಕೆ, ಅಂದರೆ ಕಾಲು ಪಾಲು ಏರಿದರೆ, ಹೊರಕ್ಕೆ ದೂಡುವ ಬಲ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಬ್ರೇಕ್‌ನ ಲೆಕ್ಕವೂ ಅಷ್ಟೇ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು. ಒಳಗೆ ಕುಳಿತವನಿಗೆ ಈ ಬಲ ಬರೀ ಒಂದು ಕುಲುಕಾಟ, ಬಾಗಿಲಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ನಿಂತವನಿಗೆ ಅದು ಜೀವ ಮರಣದ ಪ್ರಶ್ನೆ.

ಮುಂಬ್ರಾದ ತಿರುವು

ಥಾಣೆಯಿಂದ ಮುಂದೆ ಪಾರ್ಸಿಕ್ ಗುಡ್ಡ ಅಡ್ಡ ಬರುತ್ತದೆ. ಅದನ್ನು ಕೊರೆದು 1.3 ಕಿ.ಮೀ. ಉದ್ದದ ಸುರಂಗವನ್ನು 1916ರಲ್ಲಿ ತೆರೆಯಲಾಯಿತು. ಇನ್ನೊಂದು ದಾರಿ ಗುಡ್ಡವನ್ನು ಬಳಸಿಕೊಂಡು ಮುಂಬ್ರಾದ ಮೂಲಕ ದಿವಾಕ್ಕೆ ಹೋಗುತ್ತದೆ. ಬಳಸಿ ಹೋಗುವುದರಿಂದ ಅಲ್ಲಿ ತಿರುವುಗಳಿವೆ. ನಮ್ಮವರು ಬಹಳ ಮಂದಿ ನೆಲೆಸಿರುವ ಊರು ಇದೇ.

2025ರ ಜೂನ್ 9ರ ಬೆಳಿಗ್ಗೆ, ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ದಿವಾ ಮತ್ತು ಮುಂಬ್ರಾದ ನಡುವಿನ ತಿರುವಿನಲ್ಲಿ ಎದುರುಬದುರಾಗಿ ಎರಡು ಲೋಕಲ್ ರೈಲುಗಳು ಹಾದುಹೋದವು. ಎರಡರ ಬಾಗಿಲುಗಳಲ್ಲೂ ಜನ ಜೋತು ಬಿದ್ದಿದ್ದರು. ಬೆನ್ನಿನ ಚೀಲಗಳು ತಗಲಿದವು ಎಂದು ಆಗ ವರದಿಯಾಯಿತು. ಹಲವರು ಹಳಿಗೆ ಬಿದ್ದರು, ಕನಿಷ್ಠ ನಾಲ್ವರು ಪ್ರಾಣ ಕಳಕೊಂಡರು. ಈ ರೈಲುಗಳ ಬೋಗಿ ಹನ್ನೆರಡು ಅಡಿ ಅಗಲ. ಪಕ್ಕದ ಹಳಿಯ ಬೋಗಿಗೂ ಇದಕ್ಕೂ ನಡುವೆ ಇರುವ ಜಾಗ ರೈಲಿಗಾಗಿ ಬಿಟ್ಟದ್ದೇ ಹೊರತು ಮನುಷ್ಯರಿಗಾಗಿ ಅಲ್ಲ. ಅದರಲ್ಲಿ ಒಂದು ದೇಹ, ಒಂದು ಚೀಲ ಹೊರಕ್ಕೆ ಚಾಚಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದೊಂದು ಅಪರೂಪದ ಘಟನೆ ಎಂದುಕೊಳ್ಳಬೇಡಿ. ಹಳಿ ದಾಟುವಾಗ, ರೈಲಿನಿಂದ ಬಿದ್ದು, ಇತರ ಕಾರಣಗಳಿಂದ ಮುಂಬಯಿಯ ಉಪನಗರ ಹಳಿಗಳಲ್ಲಿ 2023ರಲ್ಲೂ 2024ರಲ್ಲೂ ತಲಾ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ.

ಬಾಗಿಲು ಮುಚ್ಚಿದರೆ ಆಗದೇ ಎಂದು ಕೇಳಬಹುದು. 2017ರ ಡಿಸೆಂಬರಿನಲ್ಲಿ ಆರಂಭವಾದ ಎ.ಸಿ. ಲೋಕಲ್‌ಗಳಲ್ಲಿ ತಾನಾಗಿ ಮುಚ್ಚುವ ಬಾಗಿಲುಗಳಿವೆ. ಮುಂಬ್ರಾದ ದುರಂತದ ನಂತರ ಸಾಮಾನ್ಯ ಲೋಕಲ್‌ಗಳಿಗೂ ಅಂತಹ ಬಾಗಿಲು ಅಳವಡಿಸುವುದಾಗಿ ರೈಲ್ವೆ ಹೇಳಿತು. ಆದರೆ ಬಾಗಿಲು ಮುಚ್ಚಲು ಹೊತ್ತು ಬೇಕು. ಜನ ತೂರಿಕೊಂಡರೆ ಮತ್ತೆ ತೆರೆಯಬೇಕು. ಒಂದು ನಿಲ್ದಾಣದಲ್ಲಿ ಹತ್ತು ಸೆಕೆಂಡ್ ಹೆಚ್ಚಾದರೆ 17 ನಿಲ್ದಾಣಗಳಿಗೆ ಮೂರು ನಿಮಿಷ. ದಟ್ಟಣೆಯ ಹೊತ್ತಿನಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ರೈಲು ಬರುವ ಹಳಿಯಲ್ಲಿ ಹಿಂದಿನ ರೈಲುಗಳೆಲ್ಲ ಕಾಯಬೇಕಾಗುತ್ತದೆ. ಆದರೂ ಆ ಮೂರು ನಿಮಿಷವನ್ನು ಕೊಡಲು ನಾವು ತಯಾರಿರಬೇಕು. ಅದು ಮನುಷ್ಯರ ಜೀವಕ್ಕೆ ಕೊಡುವ ಬೆಲೆ, ದುಬಾರಿಯೇನಲ್ಲ.

ಮನೆಯವರು ಮಾಡಬಹುದಾದದ್ದು

ಹಳಿ, ಬಾಗಿಲು, ಹೆಚ್ಚು ರೈಲುಗಳು, ಇವೆಲ್ಲ ಸರಕಾರದ ಹೊಣೆ. ಅದನ್ನು ಕೇಳುವ ಹಕ್ಕು ಪ್ರಯಾಣಿಕರಿಗಿದೆ, ಕೇಳಲೇಬೇಕು. ಆದರೆ ಮನೆಯೊಳಗೂ ಒಂದಿಷ್ಟು ಕೆಲಸವಿದೆ.

ಚಲಿಸುವ ರೈಲಿಗೆ ಹಾರಿ ಹತ್ತಿದವನು ಉಳಿಸುವುದು ಮುಂದಿನ ರೈಲು ಬರುವವರೆಗಿನ ಕೆಲವೇ ನಿಮಿಷಗಳನ್ನು. ಈ ಮಾತನ್ನು ಮುಂಬಯಿಗೆ ಹೊರಟು ನಿಂತ ಮಗನಿಗೆ ಉಪದೇಶವಾಗಿ ಹೇಳಿದರೆ ಕಿವಿಗೆ ಹೋಗಲಿಕ್ಕಿಲ್ಲ, ಲೆಕ್ಕ ಮಾಡಿ ತೋರಿಸಿ. ಬೆನ್ನಿನ ಚೀಲವನ್ನು ರೈಲಿನಲ್ಲಿ ಎದೆಯ ಮುಂದೆ ಹಾಕಿಕೊಳ್ಳಲು ಕಲಿಸಿ. ಬುರ್ಖಾ, ದುಪಟ್ಟಾ ಧರಿಸುವ ಹೆಣ್ಣುಮಕ್ಕಳು ಹತ್ತುವಾಗ ಅದರ ಅಂಚನ್ನು ಕೈಯಲ್ಲಿ ಒಟ್ಟುಮಾಡಿ ಹಿಡಿಯಲಿ. ಮಹಿಳೆಯರ ಬೋಗಿಯಾದರೂ ಬಾಗಿಲಲ್ಲಿ ನಿಲ್ಲುವುದು ಬೇಡ. ಬೆಳಗ್ಗಿನ ತಿಂಡಿ ಹತ್ತು ನಿಮಿಷ ಮುಂಚೆ ತಯಾರಾದರೆ ಆ ಮನೆಯಿಂದ ಯಾರೂ ಓಡಿಕೊಂಡು ಸ್ಟೇಷನ್‌ಗೆ ಹೋಗಬೇಕಾಗಿಲ್ಲ. ಇದರಲ್ಲಿ ಅಡುಗೆಮನೆಯಲ್ಲಿರುವವಳ ಮೇಲಷ್ಟೇ ಹೊರೆ ಹಾಕಬಾರದು, ಹೊರಡುವವರೂ ಹತ್ತು ನಿಮಿಷ ಬೇಗ ಏಳಲಿ.

ಇನ್ನು ಸಂಜೆಯ ಹೊತ್ತು. "ಎಲ್ಲಿದ್ದೀ? ಇನ್ನೂ ಬರಲಿಲ್ಲವಾ? ನೆಂಟರು ಕಾಯುತ್ತಿದ್ದಾರೆ" ಎಂದು ಮೇಲಿಂದ ಮೇಲೆ ಫೋನ್ ಮಾಡುವ ಅಭ್ಯಾಸ ನಮ್ಮಲ್ಲಿದೆ. ಆ ಒಂದು ಕರೆಗಾಗಿ ಕಂಬ ಹಿಡಿದ ಕೈಯನ್ನು ಬಿಡುವವರಿದ್ದಾರೆ, ತುಂಬಿದ ರೈಲಿನ ಬಾಗಿಲಿಗೆ ಜೋತು ಬೀಳುವವರಿದ್ದಾರೆ. ರೈಲಿಗೆ ಅದರ ಹಳಿ, ತಿರುವು, ನಿಲ್ದಾಣಗಳು ವೇಗದ ಮಿತಿ ಹಾಕುತ್ತವೆ. ಅದರಲ್ಲಿ ಕುಳಿತವರನ್ನು ನಾವು ಎಷ್ಟು ಅವಸರಪಡಿಸಿದರೂ ಅದು ಒಂದು ನಿಮಿಷ ಬೇಗ ಮುಟ್ಟುವುದಿಲ್ಲ. "ರೈಲು ತುಂಬಿದ್ದರೆ ಬಿಟ್ಟುಬಿಡು, ಮುಂದಿನದಕ್ಕೆ ಬಾ, ನಾವು ಕಾಯುತ್ತೇವೆ" ಎಂದು ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಹೇಳಿಬಿಡಿ.