ಕೆಟ್ಟ ಎಂಜಿನ್ನು ಕಲಿಸುವ ಪಾಠ



ನಿಮ್ಮಲ್ಲಿ ಅನೇಕರು ಹತ್ತನೆಯ ತರಗತಿಯಲ್ಲಿ ಡೀಸೆಲ್ ಎಂಜಿನ್ನಿನ ಚಿತ್ರವನ್ನು ಅಂದವಾಗಿ ಬರೆದು, ನಾಲ್ಕು ಹೊಡೆತಗಳ ಹೆಸರನ್ನು ತಪ್ಪಿಲ್ಲದೆ ಗುರುತಿಸಿ ಪೂರ್ಣ ಅಂಕ ಪಡೆದವರೇ. ಆದರೆ ಅದೇ ಎಂಜಿನ್ನು ಒಂದು ಮುಂಜಾನೆ ಚಾಲೂ ಆಗದೆ ಮೊಂಡು ಹಿಡಿದರೆ ಮೊದಲು ಏನನ್ನು ನೋಡಬೇಕೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಯಂತ್ರ ನಡೆಯುವ ಬಗೆಯನ್ನು ತಿಳಿಯುವುದು ಅರ್ಧ ವಿದ್ಯೆ. ಅದು ನಿಂತಾಗ ಕಾರಣವನ್ನು ಕ್ರಮವಾಗಿ ಹುಡುಕುವುದು ಉಳಿದರ್ಧ. ಈ ಉಳಿದರ್ಧವನ್ನು ನಾವು 'ಮೆಕ್ಯಾನಿಕ್ಕನ ಕೆಲಸ' ಎಂದು ಕೀಳಾಗಿ ಕಾಣುತ್ತ ಬಂದಿದ್ದೇವೆ. ಇದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಣಕಲ್ಲಿನಂಥ ಬೆಟ್ಟದೂರಿನವನಿಗೆ ದೋಣಿಯ ಎಂಜಿನ್ನಿನ ಮಾತೇಕೆ ಎಂದು ನೀವು ನಗಬಹುದು. ಚಾರ್ಮಾಡಿ ಘಾಟಿ ಇಳಿದರೆ ಕರಾವಳಿ. ಮಲ್ಪೆ, ಮಂಗಳೂರುಗಳ ಮೀನುಗಾರಿಕಾ ದೋಣಿಗಳ ಹೊಟ್ಟೆಯಲ್ಲಿ ಗುಡುಗುಡಿಸುವ ಯಂತ್ರಕ್ಕೂ ನಮ್ಮ ತೋಟದ ಪಂಪ್‌ಹೌಸಿನಲ್ಲಿ ಕೂತಿರುವ ಯಂತ್ರಕ್ಕೂ ತತ್ತ್ವ ಒಂದೇ. ರೊಬಸ್ಟಾ ತೋಟವಿರುವವರಿಗೆ ಫೆಬ್ರವರಿ-ಮಾರ್ಚ್ ತಿಂಗಳ ಆತಂಕ ಗೊತ್ತು. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಮೂಲಕ ಒಂದು, ಒಂದೂವರೆ ಅಂಗುಲದಷ್ಟು ನೀರು ಕೊಡಲೇಬೇಕು. ಕೊಟ್ಟ ಎಂಟು-ಹತ್ತು ದಿನಗಳಲ್ಲಿ ಮೊಗ್ಗು ಅರಳುತ್ತದೆ. ಅರೆಬರೆ ನೀರಾದರೆ ವರ್ಷದ ಫಸಲಿಗೇ ಪೆಟ್ಟು. ಆ ವಾರದಲ್ಲಿ ಎಂಜಿನ್ನು ಕೈಕೊಟ್ಟರೆ ತೋಟದ ಮಾಲೀಕನ ಬೆಳೆ ಹೋದೀತು. ಕಡಲಿನ ನಡುವೆ ಕೈಕೊಟ್ಟರೆ ದೋಣಿಯವನ ಪ್ರಾಣಕ್ಕೇ ಸಂಚಕಾರ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ತಂತ್ರಜ್ಞನು ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. 1913ರಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದಾಗ ಹಡಗಿನಿಂದ ಕಾಣೆಯಾಗಿ ಕಡಲಿನ ಪಾಲಾದನು. ಅವನ ಯಂತ್ರದ ವಿಶೇಷವೆಂದರೆ ಅದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರರಿಂದ ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಬಿಸಿಗೆ ಡೀಸೆಲ್ಲನ್ನು ಮಂಜಿನಂತೆ ಸಿಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ಮುಖ್ಯವಾಗಿ ಬೇಕಾದವು ಮೂರೇ: ಸಾಕಷ್ಟು ಗಾಳಿ, ಶುದ್ಧವಾದ ಡೀಸೆಲ್, ಸೋರಿಹೋಗದ ಒತ್ತಡ. ಹುಡುಕಾಟವೂ ಈ ಮೂರರೊಳಗೇ ನಡೆಯಬೇಕು.

ಬುದ್ಧಿವಂತನು ಸುಲಭದಿಂದ ಕಠಿಣಕ್ಕೆ ಹೋಗುತ್ತಾನೆ. ಟ್ಯಾಂಕಿನಲ್ಲಿ ಎಣ್ಣೆ ಇದೆಯೇ? ಕಾಕ್ ತೆರೆದಿದೆಯೇ? ಫಿಲ್ಟರ್ ಕಟ್ಟಿಕೊಂಡಿದೆಯೇ? ಅದರ ತಳದಲ್ಲಿ ನೀರು ನಿಂತಿದೆಯೇ? ಇವೆಲ್ಲ ಸರಿಯಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿದೆಯೇ? ಗಾಳಿಯ ಗುಳ್ಳೆ ಒತ್ತಿದಷ್ಟೂ ಕುಗ್ಗುತ್ತದೆ; ಆಗ ಇಂಜೆಕ್ಟರ್ ತೆರೆಯುವಷ್ಟು ಒತ್ತಡವೇ ಹುಟ್ಟುವುದಿಲ್ಲ. ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕಾದು, ಸ್ಕ್ರೂ ಬಿಗಿದು, ಆಮೇಲೆ ಇಂಜೆಕ್ಷನ್ ಪಂಪಿನಲ್ಲಿ ಹೀಗೆಯೇ ಮಾಡಿದರೆ ಎಷ್ಟೋ ಎಂಜಿನ್ನುಗಳು ಚಾಲೂ ಆಗುತ್ತವೆ. ಇಷ್ಟಕ್ಕೆ ಬೇಕಾದದ್ದು ಒಂದೆರಡು ಸ್ಪ್ಯಾನರ್ ಮತ್ತು ಸಹನೆ. ಒಂದೇ ಎಚ್ಚರ: ಇಂಜೆಕ್ಟರಿನಿಂದ ಸಿಡಿಯುವ ಎಣ್ಣೆಗೆ ಬೆರಳೊಡ್ಡಬಾರದು, ಅದು ಚರ್ಮವನ್ನೇ ತೂರಿಹೋಗುತ್ತದೆ.

ನಡೆಯುತ್ತಿರುವ ಎಂಜಿನ್ನು ತನ್ನ ಕಾಯಿಲೆಯನ್ನು ಹೊಗೆಯಲ್ಲಿ ಹೇಳುತ್ತದೆ. ಕಪ್ಪುಹೊಗೆಯೆಂದರೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚಾಗಿದೆ. ನೀಲಿಯೆಂದರೆ ಲೂಬ್ರಿಕೇಟಿಂಗ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಸಿಲಿಂಡರಿಗೆ ನೀರು ಸೇರುತ್ತಿದೆ. ದೋಣಿಯಲ್ಲಿ ಕಪ್ಪುಹೊಗೆ ಬಂದು ವೇಗ ಕುಗ್ಗಿದರೆ ಎಂಜಿನ್ನನ್ನು ಬಿಚ್ಚುವ ಮೊದಲು ಪ್ರೊಪೆಲ್ಲರಿಗೆ ಬಲೆಯೋ ಹಗ್ಗವೋ ಸುತ್ತಿಕೊಂಡಿದೆಯೇ ಎಂದು ನೋಡಬೇಕು. ಕಡಲ ನೀರಿನಿಂದ ತಂಪಾಗುವ ಎಂಜಿನ್ನು ಕಾದುಹೋದರೆ, ನೀರು ಒಳಸೇರುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯೇ, ಪಂಪಿನ ರಬ್ಬರ್ ಇಂಪೆಲ್ಲರ್ ಹರಿದಿದೆಯೇ ಎಂಬುದೇ ಮೊದಲ ಪ್ರಶ್ನೆ.

ಇನ್ನೊಂದು ಸಂಗತಿ ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ. ಬಂದರಿನ ಶಾಂತ ನೀರಿನಲ್ಲಿ ಸರಾಗವಾಗಿ ನಡೆದ ಎಂಜಿನ್ನು ಅಲೆಗಳ ನಡುವೆ ಇದ್ದಕ್ಕಿದ್ದಂತೆ ನಿಲ್ಲುವುದುಂಟು. ಅದು ದುರದೃಷ್ಟವಲ್ಲ. ಟ್ಯಾಂಕಿನ ತಳದಲ್ಲಿ ಕೂತಿದ್ದ ಕೊಳೆ ಮತ್ತು ನೀರು ಕುಲುಕಾಟಕ್ಕೆ ಕಲಕಿ ಮೇಲೆದ್ದು ಫಿಲ್ಟರನ್ನು ಮುಚ್ಚುತ್ತವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗ ಅರೆತುಂಬಿದ ಟ್ಯಾಂಕಿನೊಳಗೆ ಮಳೆಗಾಲದ ತೇವ ಹನಿಗಟ್ಟಿ ತಳ ಸೇರುತ್ತದೆ. ತೋಟದ ಎಂಜಿನ್ನೂ ಮಳೆಗಾಲವೆಲ್ಲ ಹೀಗೆಯೇ ಮಲಗಿರುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಸೇರಿದ ಕೊಳೆ ಕಷ್ಟದ ದಿನದಲ್ಲಿ ಎದ್ದು ಬರುವುದು ಯಂತ್ರಕ್ಕಷ್ಟೇ ಸೀಮಿತವಲ್ಲವೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಮಲೆನಾಡಿಗೂ ಈ ಮಾತು ದೂರದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ, ತುಮರಿ ಕಡೆಯ ಜನ ದಶಕಗಳ ಕಾಲ ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಗರ್ಭಿಣಿಯೂ ರೋಗಿಯೂ ಶಾಲೆಯ ಮಗುವೂ ದಾಟಿದ್ದು ಲಾಂಚಿನ ಎಂಜಿನ್ನಿನ ಬಲದಿಂದ, ಅದನ್ನು ಕಾಯುತ್ತಿದ್ದ ಸಿಬ್ಬಂದಿಯ ಎಚ್ಚರದಿಂದ. ನೀರಿನ ಮೇಲೆ ಎಂಜಿನ್ನು ನಿಂತರೆ ಮೊದಲು ಲಂಗರು ಹಾಕಬೇಕು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು. ಮೊದಲು ಜನರ ಸುರಕ್ಷೆ, ಅನಂತರ ದುರಸ್ತಿ ಎಂಬ ಈ ಕ್ರಮವೂ ಒಂದು ವಿದ್ಯೆಯೇ.

'ಈಗಿನ ಎಂಜಿನ್ನುಗಳಿಗೆ ಕಂಪ್ಯೂಟರ್ ಬಂದಿದೆ, ನಮ್ಮ ಕೈಯಲ್ಲೇನಿದೆ?' ಎಂದು ಎಂಜಿನಿಯರಾದ ಶಿಷ್ಯರು ಕೇಳಬಹುದು. ಮಾತಿನಲ್ಲಿ ಸತ್ಯವಿದೆ, ವಿದ್ಯುನ್ಮಾನ ದೋಷಗಳನ್ನು ಕಣ್ಣಿನಿಂದ ಕಾಣಲಾಗದು. ಆದರೆ ಕೊಳೆ ತುಂಬಿದ ಫಿಲ್ಟರನ್ನು, ನೀರು ಬೆರೆತ ಡೀಸೆಲ್ಲನ್ನು, ಕಳಚಿದ ಬ್ಯಾಟರಿ ತಂತಿಯನ್ನು ಕಂಪ್ಯೂಟರ್ ಸರಿಪಡಿಸಿಕೊಡುವುದಿಲ್ಲ. ಕಾರಣ ತಿಳಿಯದೆ ಒಂದಾದ ಮೇಲೊಂದು ಬಿಡಿಭಾಗ ಬದಲಿಸುವುದು ದುರಸ್ತಿಯಲ್ಲ, ಜೂಜು.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರೌಢಶಾಲೆಯ ವಿಜ್ಞಾನ ಪರೀಕ್ಷೆಯಲ್ಲಿ ಚಿತ್ರ ಬರೆಯಿರಿ ಎಂಬುದರ ಜೊತೆಗೆ 'ಎಂಜಿನ್ನು ನಿಂತಿದೆ, ನೀವು ಯಾವ ಕ್ರಮದಲ್ಲಿ ಪರೀಕ್ಷಿಸುವಿರಿ, ಏಕೆ?' ಎಂಬ ಪ್ರಶ್ನೆಯೂ ಇರಲಿ. ಪ್ರತಿ ಶಾಲೆಗೂ ಒಂದು ಹಳೆಯ ಎಂಜಿನ್ನು ಬರಲಿ. ವರ್ಷಕ್ಕೊಂದು ದಿನ ಊರಿನ ಮೆಕ್ಯಾನಿಕ್ಕನನ್ನು ಕರೆಸಿ, ಮೇಷ್ಟರ ಕುರ್ಚಿಯಲ್ಲೇ ಕೂರಿಸಿ, ಮಕ್ಕಳು ಅವನಿಂದ ಪಾಠ ಕೇಳಲಿ. ಮಸಿ ಮೆತ್ತಿದ ಕೈಯೂ ತರ್ಕಶಾಸ್ತ್ರ ಬಲ್ಲುದೆಂದು ಅವರು ಕಣ್ಣಾರೆ ಕಾಣಬೇಕು.

ತೋಟವಿರುವ ಬಂಧುಗಳು ಪಂಪ್‌ಹೌಸಿನ ಗೋಡೆಗೆ ಒಂದು ನೋಟ್‌ಪುಸ್ತಕ ತೂಗುಹಾಕಿ, ಎಣ್ಣೆ ಬದಲಿಸಿದ ದಿನ, ಫಿಲ್ಟರ್ ತೊಳೆದ ದಿನ, ಕಂಡ ದೋಷ, ಸಿಕ್ಕ ಕಾರಣಗಳನ್ನು ಬರೆದಿಡಿ. ಹೂಮಳೆಯ ದಾರಿ ಕಾಯುವ ಮೊದಲು, ಜನವರಿಯಲ್ಲೇ ಒಮ್ಮೆ ಟ್ಯಾಂಕಿನ ತಳದ ನೀರನ್ನು ಇಳಿಸಿ ಎಂಜಿನ್ನನ್ನು ನಡೆಸಿ ನೋಡಿ. ಎಲ್ಲರಿಗೂ ಶುಭವಾಗಲಿ.