ದೊಡ್ಡಮ್ಮನು ಕೊಟ್ಟ ಹಣ

ಹೆಣ್ಣುಮಗಳನ್ನು ದೂರದೂರಿಗೆ ಕಳುಹಿಸಿ ಇಷ್ಟು ಹಣ ವೆಚ್ಚಮಾಡಿ ಓದಿಸಿದರೆ ಫಲವೇನೆಂದು ತಂದೆತಾಯಿಗಳು ಕೇಳುವುದುಂಟು. ಆಂಗ್ಲ ಕಾದಂಬರಿಕಾರ್ತಿಯಾದ ಶಾರ್ಲೆಟ್ ಬ್ರಾಂಟೆಯ ಜೀವಿತವು ಇದಕ್ಕೆ ತಕ್ಕ ಉತ್ತರವೆಂದು ನಾವು ಎಣಿಸುತ್ತೇವೆ.

ಶಾರ್ಲೆಟಳು 1816ರಲ್ಲಿ ಯಾರ್ಕ್‌ಷೈರಿನ ಸಭಾಪಾಲಕನೊಬ್ಬನ ಮಗಳಾಗಿ ಹುಟ್ಟಿದಳು. ಐದು ವರುಷದವಳಿರುವಾಗಲೇ ತಾಯಿ ತೀರಿಕೊಂಡಳು. ತಾಯಿಯ ಅಕ್ಕನಾದ ಎಲಿಜಬೆತ್ ಬ್ರಾನ್‌ವೆಲಳು ಮಕ್ಕಳನ್ನು ಸಾಕಿದಳು. 1824ರಲ್ಲಿ ನಾಲ್ವರು ಹುಡುಗಿಯರನ್ನು ಕೌವನ್ ಬ್ರಿಜ್ ಎಂಬಲ್ಲಿಯ ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅಲ್ಲಿ ಚಳಿಯೂ ಹಸಿವೂ ಮಕ್ಕಳನ್ನು ಬಾಧಿಸಿದವು. ಅಕ್ಕಂದಿರಿಬ್ಬರು ಕ್ಷಯರೋಗ ಹತ್ತಿ ಮನೆಗೆ ಬಂದು, 1825ರಲ್ಲಿ ಮರಣಹೊಂದಿದರು. ಇಂಥ ದುಃಖದ ತರುವಾಯವೂ ಆ ಮನೆಯವರು ಉಳಿದ ಹೆಣ್ಣುಮಕ್ಕಳ ವಿದ್ಯೆಯನ್ನು ಕೈಬಿಡಲಿಲ್ಲ.

ಸ್ವಂತ ಶಾಲೆಯೊಂದನ್ನು ತೆರೆಯಬೇಕೆಂಬುದು ಸಹೋದರಿಯರ ಆಶೆಯಾಗಿತ್ತು. ಅದಕ್ಕೆ ಫ್ರೆಂಚ್ ಭಾಷೆಯ ಜ್ಞಾನವು ಅಗತ್ಯವೆಂದು ಕಂಡುದರಿಂದ ದೊಡ್ಡಮ್ಮನು ತನ್ನ ಗಂಟಿನಿಂದ ಹಣ ಕೊಟ್ಟಳು. 1842ರಲ್ಲಿ ಶಾರ್ಲೆಟಳೂ ತಂಗಿ ಎಮಿಲಿಯೂ ಸಮುದ್ರವನ್ನು ದಾಟಿ ಬೆಲ್ಜಿಯಮಿನ ಬ್ರಸೆಲ್ಸ್ ನಗರವನ್ನು ಸೇರಿದರು. ಇಪ್ಪತ್ತೈದು ವರುಷದ ಶಾರ್ಲೆಟಳು ತನಗಿಂತ ಎಳೆಯರಾದ ಹುಡುಗಿಯರ ನಡುವೆ ಪುನಃ ವಿದ್ಯಾರ್ಥಿನಿಯಾಗಿ ಕುಳಿತಳು. ಎಜೇರ್ ಎಂಬ ಗುರುವು ಆಕೆಯ ಪ್ರಬಂಧಗಳನ್ನು ಕಟ್ಟುನಿಟ್ಟಾಗಿ ತಿದ್ದಿದನು. ಅದೇ ವರುಷ ದೊಡ್ಡಮ್ಮನು ತೀರಿಕೊಂಡಳು. ಶಾರ್ಲೆಟಳು ಮರುವರುಷ ಒಬ್ಬಳೇ ಮತ್ತೆ ಅಲ್ಲಿಗೆ ಹೋಗಿ, ಇಂಗ್ಲಿಷ್ ಕಲಿಸುತ್ತಿದ್ದು, 1844ರ ಆದಿಯಲ್ಲಿ ಹಿಂದಿರುಗಿದಳು. ಶಾಲೆಯ ಪ್ರಕಟಣೆಯನ್ನು ಅಚ್ಚು ಹಾಕಿಸಿದರು. ಒಬ್ಬಳಾದರೂ ವಿದ್ಯಾರ್ಥಿನಿ ಬರಲಿಲ್ಲ.

ಆ ದಿನ ಲೆಕ್ಕ ನೋಡಿದವರು ದೊಡ್ಡಮ್ಮನ ಹಣವು ನೀರುಪಾಲಾಯಿತೆಂದೇ ಹೇಳುತ್ತಿದ್ದರು. ಆದರೆ 1847ರಲ್ಲಿ ಶಾರ್ಲೆಟಳು ಕರರ್ ಬೆಲ್ ಎಂಬ ಕಲ್ಪಿತನಾಮದಿಂದ 'ಜೇನ್ ಏರ್' ಕಾದಂಬರಿಯನ್ನು ಪ್ರಕಟಿಸಿದಳು. ಬಾಲ್ಯದ ಆ ಶಾಲೆಯ ಸಂಕಟವು ಅದರಲ್ಲಿ ಲೋಕಕ್ಕೆ ತಿಳಿದುಬಂತು. 1853ರಲ್ಲಿ ಹೊರಬಂದ 'ವಿಲೆಟ್' ಬ್ರಸೆಲ್ಸಿನ ವಾಸದ ಫಲವೇ ಆಗಿದೆ. 1855ರಲ್ಲಿ, ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಆಕೆಯ ಗ್ರಂಥಗಳು ಇಂದಿಗೂ ಓದಲ್ಪಡುತ್ತಿವೆ.

ಹೆಣ್ಣುಮಕ್ಕಳೆಲ್ಲರೂ ಗ್ರಂಥಕರ್ತೃಗಳಾಗಬೇಕೆಂದು ನಾವು ಹೇಳುವುದಿಲ್ಲ. ವಿದ್ಯೆಯ ಫಲವು ನಾವು ನೆನಸಿದ ಕಾಲದಲ್ಲಿ, ನೆನಸಿದ ರೂಪದಲ್ಲಿಯೇ ದೊರೆಯಬೇಕೆಂದು ಹಟ ಹಿಡಿಯುವುದು ಯುಕ್ತವಲ್ಲವೆಂದಷ್ಟೇ ನಮ್ಮ ಅಭಿಪ್ರಾಯ. ಮಕ್ಕಳ ಪಾಠದಷ್ಟೇ ಅವರ ಊಟ, ಹೊದಿಕೆ, ಆರೋಗ್ಯಗಳನ್ನೂ ವಿಚಾರಿಸುವುದು ಶಾಲೆಯವರ ಹೊಣೆ. ಕೌವನ್ ಬ್ರಿಜ್ಜಿನ ಕಥೆಯನ್ನು ಅವರು ಮರೆಯಬಾರದು. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಲ್ಲಿ ನಮ್ಮದೊಂದು ಬಿನ್ನಹವಿದೆ. ನಿಮ್ಮ ಅಕ್ಕತಂಗಿಯರ ಮಕ್ಕಳಲ್ಲಿ ಓದಲು ಆಶೆಯಿದ್ದೂ ಅನುಕೂಲವಿಲ್ಲದ ಹುಡುಗಿಯೊಬ್ಬಳಿದ್ದರೆ, ನೀವೂ ಆಕೆಗೆ ಅಂಥ ದೊಡ್ಡಮ್ಮನಾಗಿರಿ.